ಮಾರಿ ತೊಳೆಯುವಾಗ ಬೀಳುವ ಕಾಕಾ

ಇಂಡಿ ಕಡೆಯ ರೈತರು, 60 ದಾಟಿದವರು. ವಿಜಯಪುರದ ನನ್ನ ಕ್ಲಿನಿಕ್ಕಿಗೆ ಬಂದವರೇ ಎಂಆರ್‌ಐ ಫೈಲನ್ನು ಮೇಜಿನ ಮೇಲಿಟ್ಟರು. ಸೊಂಟದ ಸ್ಕ್ಯಾನು. ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ನಾಲ್ಕನೇ-ಐದನೇ ಎಲುಬಿನ ನಡುವಿನ ಮೆತ್ತೆ, ಉಬ್ಬಿದೆ ಎಂದು ಬರೆದಿತ್ತು. ಆಪರೇಷನ್ ಬೇಕಾಗಬಹುದು ಅಂತ ಯಾರೋ ಹೆದರಿಸಿ ಕಳಿಸಿದ್ದರು.

"ಏನ್ ತ್ರಾಸ ಆಗ್ತದ ಕಾಕಾ?"

"ಹತ್ತಿ ಮ್ಯಾಲ ನಡದಂಗ ಆಗ್ತದ್ರಿ. ನಿಂತು ಮಾರಿ ತೊಳ್ಕೋಬೇಕಾದ್ರ ಬಚ್ಚಲದಾಗ ಜೋಲಿ ಹೊಡದು ಬೀಳ್ತೀನ್ರಿ."

ಫೈಲನ್ನು ಬದಿಗಿಟ್ಟೆ. ಮಾರಿ ತೊಳೆಯುವಾಗ ಕಣ್ಣು ಮುಚ್ಚುತ್ತೇವೆ, ಅಲ್ವಾ? ಅರ್ಧ ಉತ್ತರ ಅಲ್ಲೇ ಸಿಕ್ಕಿತ್ತು.

ನಾವು ನೆಟ್ಟಗೆ ನಿಲ್ಲಲು ಮೂರು ಕಡೆಯಿಂದ ಸುದ್ದಿ ಬರಬೇಕು. ಕಣ್ಣಿನಿಂದ, ಒಳಕಿವಿಯಿಂದ, ಪಾದ ಮತ್ತು ಕಾಲಿನ ಕೀಲುಗಳಿಂದ. ಒಂದು ಕೈಕೊಟ್ಟರೂ ಉಳಿದ ಎರಡು ಸಂಭಾಳಿಸುತ್ತವೆ. ಕಾಲಿನ ಸುದ್ದಿ ಮೊದಲೇ ನಿಂತಿದ್ದು, ಕಣ್ಣನ್ನೂ ಮುಚ್ಚಿದರೆ ಆಯ ತಪ್ಪುತ್ತದೆ. ಪಾದ ಜೋಡಿಸಿ ನಿಲ್ಲಿಸಿ, ಕಣ್ಣು ಮುಚ್ಚಿಸಿ ನೋಡುವ ಪರೀಕ್ಷೆಗೆ ರೋಂಬರ್ಗ್ ಎನ್ನುತ್ತೇವೆ. 19ನೇ ಶತಮಾನದಲ್ಲಿ ಬರ್ಲಿನ್ನಿನಲ್ಲಿದ್ದ ವೈದ್ಯ ಮೋರಿಟ್ಜ್ ರೋಂಬರ್ಗ್ ಹೆಸರು ಅದು. ಕಣ್ಣು ತೆರೆದಿದ್ದಾಗಲೂ ತೂರಾಡಿದರೆ ಅದು ರೋಂಬರ್ಗ್ ಅಲ್ಲ. ಆಗ ಚಿಕ್ಕಮೆದುಳಿನ ಕಡೆ ನೋಡಬೇಕು. ಇದನ್ನು ಅವಸರದಲ್ಲಿ ತಪ್ಪು ಬರೆಯುವವರು ಜಾಸ್ತಿ.

ಕಾಕಾ ಕಣ್ಣು ತೆರೆದು ಗಟ್ಟಿಯಾಗಿ ನಿಂತರು. ಮುಚ್ಚಿದ ಕೂಡಲೇ ನನ್ನ ತೋಳಿಗೆ ಬಂದು ಬಿದ್ದರು. ಅದಕ್ಕೇ ಈ ಪರೀಕ್ಷೆ ಮಾಡುವಾಗ ವೈದ್ಯರು ಎರಡೂ ಕೈ ಚಾಚಿ ಪಕ್ಕದಲ್ಲೇ ನಿಂತಿರಬೇಕು.

ಮುಂದೆ 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್. ಮೀಟಿ ಕಾಲಿನ ಹೆಬ್ಬೆರಳಿನ ಎಲುಬಿಗೆ ಇಟ್ಟರೆ ಕಂಪನ ಗೊತ್ತಾಗಬೇಕು. ಅವರಿಗೆ ಬರೀ ತಣ್ಣಗಿನ ಕಬ್ಬಿಣ ಮುಟ್ಟಿದಂತಾಯಿತು. ಬೆರಳನ್ನು ಮೇಲೆ ಎತ್ತಿದೆನೋ ಕೆಳಗೆ ಒತ್ತಿದೆನೋ ಅದೂ ತಿಳಿಯಲಿಲ್ಲ. ಸುತ್ತಿಗೆಯಿಂದ ಹಿಮ್ಮಡಿಯ ಮೇಲಿನ ಹುರಿಗೆ ತಟ್ಟಿದರೆ ಪಾದ ಜಿಗಿಯಲೇ ಇಲ್ಲ. ಮೊಣಕಾಲು ಮಾತ್ರ ಬೇಕಾದ್ದಕ್ಕಿಂತ ಜೋರಾಗಿ ಒದೆಯಿತು.

ಕೊನೆಗೆ ಅಂಗಾಲನ್ನು ಹಿಮ್ಮಡಿಯಿಂದ ಮೇಲಕ್ಕೆ, ಹೊರ ಅಂಚಿನಗುಂಟ ಗೀರಿದೆ. ಹೆಬ್ಬೆರಳು ಕೆಳಗೆ ಮಡಚಬೇಕಿತ್ತು, ನಿಧಾನವಾಗಿ ಮೇಲೆದ್ದಿತು. ಇದು ಬಾಬಿನ್ಸ್ಕಿ ಚಿಹ್ನೆ. ಪ್ಯಾರಿಸ್ಸಿನ ಜೋಸೆಫ್ ಬಾಬಿನ್ಸ್ಕಿ 1896ರಲ್ಲಿ ವಿವರಿಸಿದ್ದು. ಕೇಸ್ ಪೇಪರಿನಲ್ಲಿ 'ಪ್ಲಾಂಟರ್' (ಅಂಗಾಲು) ಮುಂದೆ ಮೇಲ್ಮುಖ ಬಾಣ ಕಂಡರೆ ಇದೇ ಅರ್ಥ. ಮೊದಲ ವರ್ಷದೊಳಗಿನ ಕೂಸುಗಳಲ್ಲಿ ಇದು ಸಹಜ, ಅಜ್ಜಿಯರು ಗಾಬರಿಯಾಗಬೇಕಿಲ್ಲ. ದೊಡ್ಡವರಲ್ಲಿ ಮಾತ್ರ ಮೆದುಳಿನಿಂದ ಬೆನ್ನುಹುರಿಯಲ್ಲಿ ಇಳಿಯುವ ದಾರಿ ಎಲ್ಲೋ ಕೆಟ್ಟಿದೆ ಎಂದರ್ಥ. ಅಂದಹಾಗೆ, ಇಲ್ಲಿ 'ಪಾಸಿಟಿವ್' ಎಂದು ಬರೆದರೆ ಖುಷಿಪಡುವ ಸುದ್ದಿಯಲ್ಲ.

ಈಗ ಆ ಸ್ಕ್ಯಾನಿಗೆ ಬನ್ನಿ. ದೊಡ್ಡವರಲ್ಲಿ ಬೆನ್ನುಹುರಿ ಸಾಮಾನ್ಯವಾಗಿ ಎಲ್1-ಎಲ್2 ಹತ್ತಿರವೇ ಮುಗಿಯುತ್ತದೆ. ಅದರ ಕೆಳಗೆ ಇರುವುದು ನರಗಳ ಜಡೆ. ಎಲ್4-ಎಲ್5 ಡಿಸ್ಕ್ ಎಷ್ಟೇ ಉಬ್ಬಿದರೂ ಹೆಬ್ಬೆರಳನ್ನು ಮೇಲೆತ್ತಲಾರದು. ಅಂದರೆ ದೋಷ ಮೇಲಿತ್ತು, ಫೋಟೋ ಕೆಳಗೆ ತೆಗೆದಿದ್ದರು. ಆ ವಯಸ್ಸಿನಲ್ಲಿ ಏನೂ ನೋವಿಲ್ಲದವರ ಸ್ಕ್ಯಾನಿನಲ್ಲೂ ಉಬ್ಬಿದ ಡಿಸ್ಕ್ ಕಾಣುತ್ತದೆ. ಯಂತ್ರ ಸುಳ್ಳು ಹೇಳಲಿಲ್ಲ, ಕೇಳಿದ್ದೇ ತಪ್ಪು ಜಾಗವನ್ನು.

ಹಿಮ್ಮಡಿ ಸುಮ್ಮನೆ, ಮೊಣಕಾಲು ಚುರುಕು, ಹೆಬ್ಬೆರಳು ಮೇಲೆ, ಕಂಪನ ಇಲ್ಲ. ಇವೆಲ್ಲ ಒಟ್ಟಿಗೆ ಬಂದರೆ ಮೊದಲು ನೆನಪಾಗುವುದು ವಿಟಮಿನ್ ಬಿ12 ಕೊರತೆ. ಅದು ಕಾಲಿನ ನರಗಳನ್ನೂ ಬೆನ್ನುಹುರಿಯನ್ನೂ ಒಟ್ಟಿಗೆ ಕೆಡಿಸಬಲ್ಲದು. ಇವರು ಸಸ್ಯಾಹಾರಿ, ಹಾಲು-ಮೊಸರು ಮುಟ್ಟುತ್ತಿರಲಿಲ್ಲ. ರೊಟ್ಟಿ, ಪಲ್ಯೆ, ಶೇಂಗಾ ಹಿಂಡಿ ಇವುಗಳಲ್ಲಿ ಬಿ12 ಸಿಗುವುದಿಲ್ಲ. ಸಾಲದ್ದಕ್ಕೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್. ಅದೂ ಬಿ12 ಇಳಿಸುತ್ತದೆ. ರಕ್ತ ಪರೀಕ್ಷೆಯಲ್ಲಿ ಅದೇ ಬಂತು. ಕತ್ತಿನ ಸ್ಕ್ಯಾನನ್ನೂ ಮಾಡಿಸಿದೆ, ಅಲ್ಲಿ ಬೆನ್ನುಹುರಿಯನ್ನು ಏನೂ ಒತ್ತುತ್ತಿರಲಿಲ್ಲ. ಇಂಜೆಕ್ಷನ್ ಶುರುವಾಯಿತು.

ಕೇಸ್ ಪೇಪರ್ ನೋಡಿ ಅವರ ಮಗ ಕೇಳಿದ್ದು ಇನ್ನೊಂದು: "ಪವರ್ 4/5 ಅಂದ್ರ 80 ಪರ್ಸೆಂಟ್ ಏನ್ರಿ?" ಅಲ್ಲ. ಪವರ್ ಅಂದರೆ ಸ್ನಾಯುವಿನ ಬಲ, ಅದನ್ನು 0ಯಿಂದ 5ರವರೆಗೆ ಬರೆಯುತ್ತೇವೆ. 3 ಎಂದರೆ ಕಾಲನ್ನು ಎತ್ತಬಲ್ಲರು, ಆದರೆ ನಾನು ಒತ್ತಿದರೆ ತಡೆಯಲಾರರು. 4 ಎಂದರೆ ಸ್ವಲ್ಪ ತಡೆಯಬಲ್ಲರು. ಪರೀಕ್ಷೆಯ ಮಾರ್ಕ್ಸ್ ಥರ ಓದಬಾರದು.

ಮೂರು ತಿಂಗಳಿಗೆ ಕಾಕಾ ಮತ್ತೆ ಬಂದರು. ಕಣ್ಣು ಮುಚ್ಚಿದರೆ ಇನ್ನೂ ಸ್ವಲ್ಪ ಓಲಾಡುತ್ತಾರೆ. ಹಿಮ್ಮಡಿ ಇನ್ನೂ ಜಿಗಿಯುವುದಿಲ್ಲ, ಅದು ಮರಳಿ ಬರದೆಯೂ ಇರಬಹುದು. ಅವರಿಗೆ ಅದರ ಚಿಂತೆಯಿಲ್ಲ.

"ಮೊದ್ಲ ಚಪ್ಪಲಿ ಕಾಲಾಗಿಂದ ಕಳಚಿ ಹೋಗಿದ್ದು ಮನಿ ಮುಟ್ಟಿದ ಮ್ಯಾಲ ಗೊತ್ತಾಗ್ತಿತ್ರಿ. ಈಗ ಅಲ್ಲೇ ಗೊತ್ತಾಗ್ತದ."