ಯಾರಿಗೆ ಹೇಳಬೇಕು ಅನ್ನೋದನ್ನ ಮೊದಲು ಹೇಳಿ

ಹವಾಮಾನ ಬದಲಾವಣೆ ಬಗ್ಗೆ ಜಾಗೃತಿ ಮೂಡಿಸುವ ಯೋಜನೆಯ ಟಿಓಆರ್ (ಸಂಸ್ಥೆಗಳು ನನ್ನಂಥ ಕಮ್ಯುನಿಕೇಷನ್ ಕನ್ಸಲ್ಟೆಂಟ್‌ಗೆ ಕಳಿಸುವ ಕೆಲಸದ ವಿವರಪಟ್ಟಿ) ಕೈಗೆ ಬಂದರೆ ನಾನು ಮೊದಲು ನೋಡುವುದು 'ಟಾರ್ಗೆಟ್ ಆಡಿಯನ್ಸ್' ಅನ್ನೋ ಕಾಲಂ. (ಸರಿ, ಬಜೆಟ್ ಮೇಲೂ ಒಮ್ಮೆ ಕಣ್ಣು ಹಾಯಿಸುತ್ತೇನೆ. ನಾನೂ ಬಾಡಿಗೆ ಕಟ್ಟಬೇಕಲ್ಲ.) ಅಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಸಾರ್ವಜನಿಕರು, ರೈತರು, ಮಹಿಳೆಯರು, ಯುವಜನರು, ಮಾಧ್ಯಮದವರು, ನೀತಿ ನಿರೂಪಕರು. ಇನ್ಯಾರು ಉಳಿದರು? ಹೊಲ ಇಲ್ಲದ, ವಯಸ್ಸಾದ, ಸುದ್ದಿಮನೆಗೂ ವಿಧಾನಸೌಧಕ್ಕೂ ಸಂಬಂಧ ಇಲ್ಲದ ಗಂಡಸರು. ಅವರೂ ಸಾರ್ವಜನಿಕರೇ ಆದ್ದರಿಂದ ಯಾರೂ ಉಳಿದಿಲ್ಲ.

ಇಷ್ಟೂ ಜನಕ್ಕೆ ಸೇರಿ ಒಂದು ಫಿಲ್ಮ್, ಒಂದು ಪೋಸ್ಟರ್, ಒಂದು ಹ್ಯಾಶ್‌ಟ್ಯಾಗ್, ಕೊನೆಗೆ ಸ್ಟಾರ್ ಹೋಟೆಲಿನಲ್ಲಿ ಒಂದು ವರ್ಕ್‌ಶಾಪ್. ಫಿಲ್ಮಿನಲ್ಲಿ ಬಿರುಕು ಬಿಟ್ಟ ನೆಲ ಇರಲೇಬೇಕು, ಹಣೆಗೆ ಕೈ ಹಚ್ಚಿ ಆಕಾಶ ನೋಡುವ ಅಜ್ಜ ಇರಲೇಬೇಕು. ಆಮೇಲೆ ಲೋಗೋಗಳ ಮೆರವಣಿಗೆ.

ವಿದೇಶಿ ದಾನಿ ಸಂಸ್ಥೆ, ವಿಶ್ವಸಂಸ್ಥೆಯ ಏಜೆನ್ಸಿ, ಇಲ್ಲಿನ ಎನ್‌ಜಿಓ, ಎಲ್ಲರ ಜೊತೆಗೂ ಕೆಲಸ ಮಾಡಿದ್ದೇನೆ. ಬುದ್ಧಿವಂತರೇ, ಒಳ್ಳೆಯವರೇ. ಆದರೆ ಈ ಒಂದು ಕಾಲಂ ಹತ್ತಿರ ಬಂದಾಗ ಎಲ್ಲರಿಗೂ ಏನೋ ಆಗಿಬಿಡುತ್ತದೆ.

ಕೆಲವು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ರಾಯಚೂರು ಜಿಲ್ಲೆಯ ಒಂದು ಕೆರೆ ಹತ್ತಿರ ಹೋಗಿದ್ದೆ. ನರೇಗಾದಲ್ಲಿ, ಅಂದರೆ ಆಗಿನ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯಲ್ಲಿ, ಹೂಳೆತ್ತುವ ಕೆಲಸ ನಡೆದಿತ್ತು. ಜಾಸ್ತಿ ಹೆಣ್ಣುಮಕ್ಕಳೇ. ನನ್ನ ಜೊತೆ ಬಂದಿದ್ದ ಸಂಸ್ಥೆಯವರು ಬಿಸಿಲಿನ ಬಗ್ಗೆ ಒಂದು ಪೋಸ್ಟರ್ ಮಾಡಿಸಿದ್ದರು. ಸಿಟ್ಟು ಮಾಡಿಕೊಂಡ ಸೂರ್ಯ, ಕೆಂಪಾದ ಥರ್ಮಾಮೀಟರ್, ಕೆಳಗೆ ದೊಡ್ಡ ಅಕ್ಷರದಲ್ಲಿ 'ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೋಗಬೇಡಿ.' ಒಬ್ಬ ಅಕ್ಕ ಅದನ್ನು ಗಟ್ಟಿಯಾಗಿ ಓದಿ, ಉಳಿದವರ ಕಡೆ ತಿರುಗಿ ನಕ್ಕರು. ಆಮೇಲೆ ನನಗೆ ಕೇಳಿದರು: "ಮನ್ಯಾಗ ಕುಂತ್ರ ಕೂಲಿ ಯಾರ್ ಕೊಡ್ತಾರ್ರಿ ಸರ?"

ಪೋಸ್ಟರ್ ಪಕ್ಕಕ್ಕಿಟ್ಟು ಮಾತಾಡುತ್ತಾ ಕುಳಿತೆವು. ಅಲ್ಲಿ ಕೂಲಿ ಸಿಗುತ್ತಿದ್ದದ್ದು ಅಳತೆ ಲೆಕ್ಕದಲ್ಲಿ. ಇಷ್ಟು ಮಣ್ಣು ತೆಗೆದರೆ ಪೂರ್ತಿ ಕೂಲಿ, ಕಡಿಮೆಯಾದರೆ ಕಡಿತ. ಬೇಸಿಗೆಯಲ್ಲಿ ಆ ಭಾಗದ ಜಿಲ್ಲೆಗಳಿಗೆ ಈ ಅಳತೆಯಲ್ಲಿ ರಿಯಾಯಿತಿ ಕೊಟ್ಟು ಸರ್ಕಾರ ಆದೇಶ ಹೊರಡಿಸುತ್ತಿತ್ತು. ಬೆಂಗಳೂರಿನಿಂದ ಹೊರಟ ಆದೇಶ ಜಿಲ್ಲಾ ಪಂಚಾಯಿತಿಗೆ, ಅಲ್ಲಿಂದ ತಾಲ್ಲೂಕು ಪಂಚಾಯಿತಿಗೆ, ಆಮೇಲೆ ಪಿಡಿಓ (ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ) ವಾಟ್ಸಾಪಿಗೆ ಬಂದು ಬೀಳುತ್ತಿತ್ತು. ಅಲ್ಲಿ ಅದರ ಮೇಲೆ ಇನ್ನಷ್ಟು ಪಿಡಿಎಫ್ ಬೀಳುತ್ತಿದ್ದವು. ಕೆರೆಯಲ್ಲಿ ಗುಂಪು ನೋಡಿಕೊಳ್ಳುವ ಕಾಯಕ ಬಂಧುವನ್ನು ಕೇಳಿದೆ, ಈ ಸಲ ಅಳತೆ ಎಷ್ಟು ಅಂತ. ಆಕೆ ಹೇಳಿದ್ದು ಚಳಿಗಾಲದ ಅಳತೆ. "ಕಡಿಮಿ ಮಾಡ್ಯಾರಂತ ನಮಗ್ಯಾರ್ ಹೇಳ್ಯಾರ್ರಿ?"

ಇನ್ನೊಂದು ವಿಷಯವನ್ನೂ ಸೇರಿಸಿಕೊಳ್ಳಿ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಬಾಗಲಕೋಟೆಯಲ್ಲೂ, ಏಪ್ರಿಲ್ ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ಆ ಆದೇಶ ಮಾತ್ರ ಯಾವ ನೌಕರನ ವಾಟ್ಸಾಪಿನಲ್ಲೂ ಕಳೆದುಹೋದದ್ದು ನಾನು ಕೇಳಿಲ್ಲ.

ಈಗ ಹೇಳಿ, ಅಲ್ಲಿ ಜಾಗೃತಿ ಬೇಕಿದ್ದದ್ದು ಯಾರಿಗೆ? ಬಿಸಿಲು ಜೋರಾಗಿದೆ ಅಂತ ಬಿಸಿಲಲ್ಲಿ ನಿಂತವಳಿಗಾ? ಬೇಕಿದ್ದದ್ದು ಪಿಡಿಓಗೆ, ಅಳತೆ ಬರೆಯುವ ಇಂಜಿನಿಯರಿಗೆ, ಕಾಯಕ ಬಂಧುಗಳಿಗೆ. ಒಂದು ತಾಲ್ಲೂಕಿಗೆ ಲೆಕ್ಕ ಹಾಕಿದರೆ ಒಂದು ಸಭಾಂಗಣ ತುಂಬುವಷ್ಟು ಜನ. ಹೇಳಬೇಕಿದ್ದ ಮಾತು ಒಂದು ಹಾಳೆಯಲ್ಲಿ ಮುಗಿಯುತ್ತಿತ್ತು: ಈ ತಿಂಗಳ ಅಳತೆ ಇಷ್ಟು, ಬೆಳಗ್ಗೆ ಬೇಗ ಶುರು ಮಾಡಿ ಬಿಸಿಲೇರುವ ಮೊದಲು ಮುಗಿಸಬಹುದು, ಕೆಲಸದ ಜಾಗದಲ್ಲಿ ನೀರು ನೆರಳು ಕೊಡಬೇಕು ಅಂತ ಕಾನೂನಿನಲ್ಲೇ ಇದೆ. ಅದು ಮಾರ್ಚ್ ಮುಗಿಯುವ ಮೊದಲು ತಲುಪಬೇಕಿತ್ತು. ಮೇ 20ಕ್ಕೆ ತಲುಪಿದರೆ ಬೀಸಣಿಗೆ ಮಾಡಿಕೊಳ್ಳಬಹುದು, ಅಷ್ಟೇ.

ಇದನ್ನು ಸಂಸ್ಥೆಯವರಿಗೆ ಹೇಳಿದಾಗ ಬಂದ ಉತ್ತರ ಇವತ್ತಿಗೂ ನನ್ನ ತಲೆ ತಿನ್ನುತ್ತದೆ. "ಅದು ಅಡ್ಮಿನಿಸ್ಟ್ರೇಷನ್ ಆಯ್ತಲ್ಲ ಸರ್, ಕಮ್ಯುನಿಕೇಷನ್ ಹೆಂಗಾಗುತ್ತೆ? ಮತ್ತೆ ರೀಚ್ ನಂಬರ್ ತೀರಾ ಕಡಿಮೆ ಆಗುತ್ತೆ." ಪೋಸ್ಟರಾದರೆ ಲಕ್ಷಾಂತರ ಜನರನ್ನು ತಲುಪಿತು ಅಂತ ವರದಿಯಲ್ಲಿ ಬರೆಯಬಹುದು. ಸಭಾಂಗಣ ತುಂಬುವ ಜನ ಅಂದರೆ ದಾನಿಗಳ ಮುಂದೆ ಮುಖ ಸಣ್ಣದಾಗುತ್ತದೆ.

ಇದೊಂದೇ ವಿಷಯವನ್ನು ಎಷ್ಟು ಸಲ ಹೇಳಿದರೂ ಜಾರಿ ಹೋಗುತ್ತದೆ, ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಬೇಜಾರಾದರೆ ಕ್ಷಮಿಸಿ. ನಿಮ್ಮ ಮಾತು ಕೇಳಿದ ಮೇಲೆ ಯಾರೋ ಒಬ್ಬರು ನಿನ್ನೆ ಮಾಡದ್ದನ್ನು ಇವತ್ತು ಮಾಡಬೇಕು. ಆ ಒಬ್ಬರು ಯಾರು? ಹುದ್ದೆ ಹೇಳಿ, ಸಾಧ್ಯ ಆದರೆ ಹೆಸರು ಹೇಳಿ. ಅವರು ಮಾಡಬೇಕಾದ್ದೇನು? 'ಸಂವೇದನಾಶೀಲರಾಗಬೇಕು' ಅನ್ನಬೇಡಿ, ಯಾವ ಕಡತಕ್ಕೆ ಸಹಿ ಹಾಕಬೇಕು, ಯಾವ ಬೀಗ ತೆಗೆಯಬೇಕು, ಅದನ್ನು ಹೇಳಿ. ಅದನ್ನು ಮಾಡುವ ಅಧಿಕಾರ, ದುಡ್ಡು ಅವರ ಕೈಯಲ್ಲಿ ಇದೆಯಾ? ಇಲ್ಲದಿದ್ದರೆ ನಿಮ್ಮ ಮಾತು ತಪ್ಪು ಮನೆಗೆ ಹೋಗಿದೆ, ಒಂದು ಮೆಟ್ಟಿಲು ಮೇಲೆ ಹೋಗಿ ಮತ್ತೆ ಕೇಳಿ. ಕೊನೆಗೆ, ಯಾವ ತಾರೀಕಿನೊಳಗೆ? ಇಷ್ಟಕ್ಕೆ ಉತ್ತರ ಸಿಕ್ಕರೆ ಫಿಲ್ಮ್ ಬೇಕಾ, ಫೋನ್ ಕರೆ ಬೇಕಾ, ಎರಡು ಪುಟದ ಟಿಪ್ಪಣಿ ಬೇಕಾ ಅನ್ನೋದು ತಾನಾಗೇ ಗೊತ್ತಾಗುತ್ತದೆ. ನಮ್ಮವರು ಶುರು ಮಾಡುವುದೇ ಫಿಲ್ಮಿನಿಂದ.

ಅಹಮದಾಬಾದಿನ ಉದಾಹರಣೆ ಎಲ್ಲರೂ ಕೊಡುತ್ತಾರೆ, ನಾನೂ ಕೊಡುತ್ತೇನೆ, ಆದರೆ ಬೇರೆ ಕಾರಣಕ್ಕೆ. 2010ರ ಮೇ ತಿಂಗಳಲ್ಲಿ ಅಲ್ಲಿ ತಾಪಮಾನ 46.8 ಡಿಗ್ರಿ ಮುಟ್ಟಿತ್ತು. ಆ ಒಂದೇ ತಿಂಗಳಲ್ಲಿ ಎಂದಿಗಿಂತ 1,344 ಸಾವು ಹೆಚ್ಚಾಗಿತ್ತು ಅಂತ ಆಮೇಲೆ ಲೆಕ್ಕ ಹಾಕಿದರು. 2013ರಲ್ಲಿ ಅಲ್ಲಿನ ಮಹಾನಗರ ಪಾಲಿಕೆ ಹೀಟ್ ಆಕ್ಷನ್ ಪ್ಲಾನ್, ಅಂದರೆ ಬಿಸಿಲಿನ ಹೊಡೆತ ಎದುರಿಸುವ ಯೋಜನೆ, ತಂದಿತು. ಎಲ್ಲರೂ ಅದರ ಹೋರ್ಡಿಂಗ್, ಎಸ್ಸೆಮ್ಮೆಸ್ ಬಗ್ಗೆ ಮಾತಾಡುತ್ತಾರೆ. ನನಗೆ ಇಷ್ಟವಾದದ್ದು ಅಲ್ಲಿನ ಒಂದು ಆಸ್ಪತ್ರೆಯ ಕಥೆ. ಅಲ್ಲಿ ಬಾಣಂತಿಯರು, ಹಸುಗೂಸುಗಳು ಇದ್ದದ್ದು ಮೇಲಿನ ಮಹಡಿಯಲ್ಲಿ, ತಾರಸಿ ಕೆಳಗೇ. ಬಿಸಿಲಿಗೆ ತಾರಸಿ ಕಾದರೆ ಶಾಖ ಸೀದಾ ಮಕ್ಕಳ ಮೇಲೆ. ವಾರ್ಡನ್ನು ನೆಲಮಹಡಿಗೆ ಇಳಿಸಿದರು, ಶಾಖದಿಂದ ತೊಂದರೆಗೆ ಸಿಕ್ಕುವ ಕೂಸುಗಳ ಸಂಖ್ಯೆ ಕಡಿಮೆಯಾಯಿತು. ಈ ಸಂದೇಶ ಕೇಳಬೇಕಾದವರು ಇಡೀ ಊರಿನಲ್ಲಿ ಒಂದು ಆಸ್ಪತ್ರೆಯ ಮುಖ್ಯಸ್ಥರು ಮಾತ್ರ. ಹೋರ್ಡಿಂಗ್ ಹಾಕಿ ಹೇಳುವ ಮಾತಾ ಇದು?

ಆ ಯೋಜನೆಯಿಂದ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿರಬಹುದು ಅಂತ 2018ರ ಒಂದು ಅಧ್ಯಯನ ಹೇಳುತ್ತದೆ. ಈ ಸಂಖ್ಯೆಯನ್ನು ಹುಷಾರಾಗಿ ಬಳಸಿ. ಅದು ಅಂದಾಜು, ಕೆಳಮಿತಿಗೂ ಮೇಲ್ಮಿತಿಗೂ ಅಂತರ ದೊಡ್ಡದಿದೆ. ಅದರಲ್ಲಿ ಪ್ರಚಾರದ ಪಾಲೆಷ್ಟು, ಆಸ್ಪತ್ರೆ ಸಿದ್ಧತೆಯ ಪಾಲೆಷ್ಟು ಅಂತ ಬೇರೆ ಮಾಡಿ ತೋರಿಸಿಲ್ಲ. ನಮ್ಮ ವೃತ್ತಿಯವರು ಪೂರ್ತಿ ಕ್ರೆಡಿಟ್ಟನ್ನು ಪೋಸ್ಟರಿಗೆ ಕೊಟ್ಟುಬಿಡುತ್ತಾರೆ.

ಬಾಂಗ್ಲಾದೇಶದವರು ಈ ಪಾಠಕ್ಕೆ ತೆತ್ತ ಬೆಲೆ ನೆನೆದರೆ ಮೈ ಜುಮ್ಮೆನ್ನುತ್ತದೆ. 1970ರ ನವೆಂಬರಿನ ಭೋಲಾ ಚಂಡಮಾರುತದಲ್ಲಿ ಸತ್ತವರು ಕಡಿಮೆ ಅಂದರೂ 3 ಲಕ್ಷ. ಆಮೇಲೆ ಸ್ವಯಂಸೇವಕರ ಪಡೆ ಕಟ್ಟಿದರು. ಆದರೂ 1991ರಲ್ಲಿ ಮತ್ತೆ ಸುಮಾರು 1.4 ಲಕ್ಷ ಜನ ಹೋದರು. ಎಚ್ಚರಿಕೆ ಕೊಟ್ಟಿರಲಿಲ್ಲವಾ? ಕೊಟ್ಟಿದ್ದರು. ಆದರೆ ಅಲ್ಲಿನ ಸಿಗ್ನಲ್ ಸಂಖ್ಯೆಗಳು ಮೂಲದಲ್ಲಿ ಬಂದರುಗಳಿಗೆ, ಹಡಗಿನವರಿಗೆ ಅಂತ ಮಾಡಿದ್ದು. 5, 6, 7 ಅಂದರೆ ಅಪಾಯ ಏರುತ್ತಾ ಹೋಗುತ್ತದೆ ಅಂತ ನೀವು ನಾನು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಮೂರಕ್ಕೂ ಅಪಾಯ ಒಂದೇ, ಬಿರುಗಾಳಿ ಬಂದರಿನ ಯಾವ ಮಗ್ಗುಲಲ್ಲಿ ಹಾದುಹೋಗುತ್ತದೆ ಅನ್ನೋದಷ್ಟೇ ವ್ಯತ್ಯಾಸ. ಹಡಗಿನ ಕ್ಯಾಪ್ಟನ್‌ಗೆ ಅದು ಜೀವ ಉಳಿಸುವ ಮಾಹಿತಿ. ನದಿ ನಡುವಿನ ಮರಳುದಿಬ್ಬದಲ್ಲಿ ಗುಡಿಸಲು ಹಾಕಿಕೊಂಡು, ಎರಡು ದನ, ಮೂರು ಮಕ್ಕಳ ಜೊತೆ ಇರುವ ಹೆಂಗಸಿಗೆ ಅದರಿಂದ ಏನು ಗೊತ್ತಾಗಬೇಕು? ಗೊತ್ತಾದರೂ ಹೋಗುವುದೆಲ್ಲಿಗೆ? ಆಶ್ರಯ ಕಟ್ಟಡಗಳು ಸಾಲದಾಗಿದ್ದವು, ಇದ್ದಲ್ಲಿ ಹೆಂಗಸರಿಗೆ ಮರೆ ಇರಲಿಲ್ಲ, ಮನೆ ಬಿಟ್ಟರೆ ಕಳ್ಳತನದ ಭಯ. ಆ ಸಲ ಗಂಡಸರಿಗಿಂತ ಹೆಂಗಸರು ಎಷ್ಟೋ ಹೆಚ್ಚು ಸತ್ತರು.

ಅಲ್ಲಿಂದಾಚೆಗೆ ದುಡ್ಡು ಹೋದದ್ದು ಕಟ್ಟಡಕ್ಕೆ, ಮೆಗಾಫೋನ್ ಹಿಡಿದು ಮನೆಬಾಗಿಲಿಗೆ ಬರುವ ಅದೇ ಊರಿನ ಸ್ವಯಂಸೇವಕರಿಗೆ. 2007ರ ಸಿಡ್ರ್ ಚಂಡಮಾರುತದಲ್ಲಿ ಸತ್ತವರು ಸುಮಾರು 3,400. ಎರಡು ಬಿರುಗಾಳಿಗಳನ್ನು ಹೀಗೆ ಪಕ್ಕಪಕ್ಕ ಇಟ್ಟು ಹೋಲಿಸುವುದು ಪೂರ್ತಿ ಸರಿಯಲ್ಲ, ದಾರಿ ಬೇರೆ, ಉಬ್ಬರದ ಹೊತ್ತು ಬೇರೆ. ಆದರೂ ಇಷ್ಟು ದೊಡ್ಡ ವ್ಯತ್ಯಾಸ ಗಾಳಿಯೊಂದರಿಂದಲೇ ಬರಲಿಲ್ಲ ಅನ್ನೋದನ್ನು ಅಲ್ಲಿ ಕೆಲಸ ಮಾಡಿದವರೆಲ್ಲ ಒಪ್ಪುತ್ತಾರೆ.

ನಮ್ಮ ಕರಾವಳಿಯ ಮಕ್ಕಳನ್ನು ರೆಡ್ ಅಲರ್ಟ್ ಅಂದರೇನು ಅಂತ ಕೇಳಿ ನೋಡಿ. "ಡಿಸಿ ರಜೆ ಕೊಡ್ತಾರೆ" ಅನ್ನುತ್ತವೆ. ನಗಬೇಡಿ. ಒಂದು ಬಣ್ಣ, ಅದನ್ನು ನೋಡಿ ನಿರ್ಧಾರ ತೆಗೆದುಕೊಳ್ಳುವ ಒಬ್ಬ ಅಧಿಕಾರಿ, ಅದೇ ರಾತ್ರಿಯೊಳಗೆ ಆದೇಶ. ಮಿಲಿಯನ್ ಡಾಲರ್ ಯೋಜನೆಗಳಲ್ಲೂ ನಾನು ಇಷ್ಟು ಚೊಕ್ಕ ವ್ಯವಸ್ಥೆ ಕಂಡದ್ದು ಕಡಿಮೆ.

ಇನ್ನು ಅಡ್ವೊಕೆಸಿ, ಅಂದರೆ ಸರ್ಕಾರದ ನೀತಿ ಬದಲಿಸಿ ಅಂತ ಒತ್ತಾಯಿಸುವ ಕೆಲಸ. ಇಲ್ಲಿ 'ನೀತಿ ನಿರೂಪಕರು' ಅನ್ನೋ ಪದ ಮಾಡುವ ಹಾಳು ಅಷ್ಟಿಷ್ಟಲ್ಲ. ಒಂದು ಉದಾಹರಣೆ ಕೊಟ್ಟುಬಿಡುತ್ತೇನೆ. ಪೆಸಿಫಿಕ್ ಸಾಗರದಲ್ಲಿ ವನುವಾಟು ಅಂತ ಒಂದು ಪುಟ್ಟ ದೇಶ. 2019ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ಒಂದು ಯೋಚನೆ ಮಾಡಿದರು. ಹವಾಮಾನದ ವಿಷಯದಲ್ಲಿ ದೇಶಗಳ ಕಾನೂನು ಹೊಣೆ ಏನು ಅಂತ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಿಸಿದರೆ ಹೇಗೆ? 'ಜಗತ್ತು ಎಚ್ಚೆತ್ತುಕೊಳ್ಳಲಿ' ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕೇಳಿದ್ದು ಒಂದೇ. ವಿಶ್ವಸಂಸ್ಥೆಯ ಮಹಾಸಭೆ ಒಂದು ನಿರ್ಣಯ ಮಾಡಿ ನ್ಯಾಯಾಲಯದ ಅಭಿಪ್ರಾಯ ಕೇಳಬೇಕು. ನಿರ್ಣಯ ತರಲು ಒಂದು ಸರ್ಕಾರ ಬೇಕು. ಹಾಗಾಗಿ ಪೆಸಿಫಿಕ್ ದ್ವೀಪಗಳ ಸರ್ಕಾರಗಳಿಗೆ ಪತ್ರ ಬರೆದರು, ವನುವಾಟು ಸರ್ಕಾರ ಹೊತ್ತುಕೊಂಡಿತು, ಆಮೇಲೆ ದೇಶ ದೇಶದ ಬಾಗಿಲು ತಟ್ಟಿ ಬೆಂಬಲ ಕೂಡಿಸಿದರು. 2023ರ ಮಾರ್ಚ್ 29ರಂದು ಯಾರ ವಿರೋಧವೂ ಇಲ್ಲದೆ ನಿರ್ಣಯ ಪಾಸಾಯಿತು. 2025ರ ಜುಲೈ 23ಕ್ಕೆ ನ್ಯಾಯಾಲಯ ಅಭಿಪ್ರಾಯ ಕೊಟ್ಟಿತು, ಹವಾಮಾನ ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ ಅಂತ. ಅದು ಸಲಹಾ ಅಭಿಪ್ರಾಯ, ಯಾವ ದೇಶವನ್ನೂ ನೇರವಾಗಿ ಕಟ್ಟಿಹಾಕುವುದಿಲ್ಲ, ಅದನ್ನು ಮರೆಯಬಾರದು. ಆದರೂ ಆ ಹುಡುಗರು ಸುಂದರವಾದ ವಿಡಿಯೋ, ಹಾಡು, ಮೆರವಣಿಗೆ ಎಲ್ಲ ಮಾಡಿದರು, ಒಂದೊಂದನ್ನೂ ಮುಂದೆ ಯಾವ ಬಾಗಿಲು ತೆಗೆಸಬೇಕು ಅಂತ ನೋಡಿಕೊಂಡೇ ಮಾಡಿದರು.

ನಮ್ಮಲ್ಲಿ? ದೊಡ್ಡ ವರದಿ ತಯಾರಾಗುತ್ತದೆ, ಜೂನ್ 5ರಂದು ಬಿಡುಗಡೆ, ಪರಿಸರ ದಿನ ಅಂತ. ಕೇಂದ್ರ ಬಜೆಟ್ ಫೆಬ್ರವರಿ 1ಕ್ಕೇ ಮುಗಿದಿರುತ್ತದೆ, ರಾಜ್ಯದ್ದೂ ಅದರ ಹಿಂದೆಯೇ ಮುಗಿದಿರುತ್ತದೆ. ಇಲಾಖೆಯವರು ಮುಂದಿನ ವರ್ಷದ ಪ್ರಸ್ತಾವನೆ ಬರೆಯಲು ಕೂರುವುದು ದಸರಾ ದೀಪಾವಳಿ ಆಸುಪಾಸಿನಲ್ಲಿ. ಆ ಹೊತ್ತಿಗೆ ನಿಮ್ಮ ವರದಿ ಕಾರ್ಯದರ್ಶಿಗಳ ಕಪಾಟಿನಲ್ಲಿ ಬೆಚ್ಚಗೆ ಮಲಗಿರುತ್ತದೆ. ಅದೇ ವಿಷಯ ಎರಡು ಪುಟದಲ್ಲಿ, ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ಹಣ ಬೇಕು ಅಂತ ಬರೆದು, ಅಕ್ಟೋಬರಿನಲ್ಲಿ ಪ್ರಸ್ತಾವನೆ ಬರೆಯುವ ಉಪನಿರ್ದೇಶಕರ ಮೇಜಿಗೆ ಕೊಟ್ಟರೆ? ಆಗಿಯೇ ಬಿಡುತ್ತದೆ ಅಂತ ನಾನು ಬರೆದುಕೊಡಲಾರೆ. ಆದರೆ ಓದಿಸಿಕೊಳ್ಳುತ್ತದೆ.

ಹಾಗಾದರೆ ಜನಸಾಮಾನ್ಯರಿಗೆ ಏನೂ ಹೇಳಬಾರದಾ ಅಂತ ಕೇಳುವವರಿದ್ದಾರೆ. ಹೇಳಬೇಕು ಕಣ್ರೀ. ಶಾಲೆ ಪಠ್ಯ, ಸುದ್ದಿಮನೆ, ಚುನಾವಣೆ, ಎಲ್ಲ ಕಡೆ ಹೇಳಬೇಕು, ವರ್ಷಗಟ್ಟಲೆ ಹೇಳಬೇಕು. ಅದು ಒಂಬತ್ತು ತಿಂಗಳ ಯೋಜನೆಗೆ ಹಿಡಿಸುವ ಕೆಲಸ ಅಲ್ಲ, ಅಷ್ಟೇ. ಇನ್ನು ದಾನಿಗಳಿಗೆ ತೋರಿಸಲು ಒಂದು ಫಿಲ್ಮ್ ಬೇಕೇ ಬೇಕು ಅಂದರೆ ಮಾಡೋಣ, ಅದರಲ್ಲಿ ನಾಚಿಕೆ ಏನೂ ಇಲ್ಲ. ಅದು ದಾನಿಗಳಿಗೆ ಅಂತಲೇ ಬರೆದುಕೊಳ್ಳಿ. ಅದನ್ನೇ ಸುಮ್ನೆ ರಾಯಚೂರಿನ ಪಂಚಾಯಿತಿ ಕಟ್ಟೆ ಮೇಲೆ ಹಾಕಿ ತೋರಿಸಿ ಜಾಗೃತಿ ಆಯಿತು ಅನ್ನಬೇಡಿ.

ಸಂಸ್ಥೆಗಳಲ್ಲಿ ಕೂತಿರುವ ಕಮ್ಯುನಿಕೇಷನ್ ಹುಡುಗ ಹುಡುಗಿಯರಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಊಟದ ಹೊತ್ತಿಗೆ ಪಕ್ಕಕ್ಕೆ ಬಂದು "ಸರ್, ನೀವೇ ಮೀಟಿಂಗಲ್ಲಿ ಹೇಳಿಬಿಡಿ, ನಾವು ಹೇಳಿದ್ರೆ ಕೇಳಲ್ಲ" ಅನ್ನುತ್ತಾರೆ. ಹೇಳುತ್ತೇನೆ. ಕನ್ಸಲ್ಟೆಂಟ್‌ಗೆ ದುಡ್ಡು ಕೊಡುವುದು ಅರ್ಧ ಅದಕ್ಕೇ ಇರಬೇಕು. ಮುಂದಿನ ಟಿಓಆರ್ ಬರೆಯುವಾಗ ಆ ಕಾಲಂನಲ್ಲಿ ಹುದ್ದೆ, ತಾರೀಕು ಬರೆಯಲು ಗೊತ್ತಾಗದಿದ್ದರೆ ಖಾಲಿ ಬಿಟ್ಟು ಕಳಿಸಿ, ಕೂತು ಹುಡುಕೋಣ. ಆದರೆ ದಯವಿಟ್ಟು, ಮಾರ್ಚ್ ಕೊನೇ ವಾರದಲ್ಲಿ ಫೋನ್ ಮಾಡಿ, 31ರೊಳಗೆ ದುಡ್ಡು ಖರ್ಚಾಗಬೇಕು, ಏನಾದರೂ ಒಂದು ಫಿಲ್ಮ್ ಮಾಡಿಕೊಡಿ ಅಂತ ಮಾತ್ರ ಕೇಳಬೇಡಿ.