ಒಂದೇ ಬಸ್ ಚಾರ್ಜಿನಲ್ಲಿ ಮುಗಿಯುವ ಪರೀಕ್ಷೆ

ಕಾದ ಹಾಲಿಗೆ ನಿಂಬೆಹಣ್ಣು ಹಿಂಡಿದರೆ ಒಡೆಯುತ್ತದೆ, ಅಲ್ವಾ? ಹುಳಿ ತಾಗಿದೊಡನೆ ಹಾಲಿನ ಪ್ರೊಟೀನ್ ಗಟ್ಟಿಯಾಗುತ್ತದೆ. ಹೆಚ್ಚುಕಮ್ಮಿ ಇದೇ ಗುಣವನ್ನು ಬಳಸಿ, ಗರ್ಭಕಂಠದ ಕ್ಯಾನ್ಸರ್ ಬರುವ ಮೊದಲೇ ಅದರ ಸುಳಿವು ಹಿಡಿಯಬಹುದು.

ಗರ್ಭಕಂಠ ಅಂದರೆ ಗರ್ಭಕೋಶದ ಬಾಯಿ. ಸಾಮಾನ್ಯವಾಗಿ ಅದರ ಬಣ್ಣ ನಸುಗೆಂಪು. ನರ್ಸ್ ಒಂದು ಒಳ್ಳೆಯ ದೀಪ ಹತ್ತಿಸಿಕೊಂಡು, ಹತ್ತಿಯನ್ನು ವಿನೆಗರ್‌ನಲ್ಲಿ ಅದ್ದಿ ಅಲ್ಲಿ ಮೆಲ್ಲಗೆ ಒತ್ತುತ್ತಾರೆ. ಅದರಲ್ಲಿ ಅಸಿಟಿಕ್ ಆಮ್ಲ ಇರುವುದು ಶೇ 3ರಿಂದ 5ರಷ್ಟು, ಅಡುಗೆಯ ವಿನೆಗರ್‌ನಷ್ಟೇ. ಆಮೇಲೆ ಒಂದು ನಿಮಿಷ ಕಾಯುತ್ತಾರೆ. ದಾರಿ ತಪ್ಪಿ ಬೆಳೆಯುತ್ತಿರುವ ಜೀವಕೋಶಗಳಲ್ಲಿ ಪ್ರೊಟೀನ್ ಜಾಸ್ತಿ. ಅವು ಇರುವ ಕಡೆ ಅಂಚು ಕೊರೆದಂಥ ಬಿಳಿ ಕಲೆ ಮೂಡುತ್ತದೆ. ಸ್ವಲ್ಪ ಹೊತ್ತಿಗೆ ಅದು ಮಾಸಿಹೋಗುತ್ತದೆ.

ವಿನೆಗರ್ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಒಂದು ನಿಮಿಷ. ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆಯುವ ಪ್ಯಾಪ್ ಸ್ಮಿಯರ್ ಪರೀಕ್ಷೆ ಮಾಡಿದರೆ ಸ್ಲೈಡ್ ಲ್ಯಾಬಿಗೆ ಹೋಗಬೇಕು, ತಜ್ಞರು ನೋಡಬೇಕು, ರಿಪೋರ್ಟ್ ಬರಬೇಕು. ಆಮೇಲೆ ಆಕೆಯನ್ನು ಮತ್ತೆ ಕರೆಸಬೇಕು. ಒಂದು ದಿನದ ಕೂಲಿ ಬಿಟ್ಟು, ಮನೆಯವರಿಗೆ ಏನೋ ಕಾರಣ ಹೇಳಿ, ಬಸ್ ಹತ್ತಿ ಬಂದವಳು ಎರಡನೇ ಸಲ ಬರುತ್ತಾಳೆಯೇ? ನೋವಿಲ್ಲ, ರಕ್ತಸ್ರಾವವಿಲ್ಲ. ನನಗೇನಾಗಿದೆ ಅಂತ ಹೋಗಲಿ ಅನ್ನಿಸುವುದು ಸಹಜ. ಆದರೆ ವಿನೆಗರ್ ಪರೀಕ್ಷೆಯಲ್ಲಿ ಆಕೆ ಇನ್ನೂ ಮಂಚದ ಮೇಲಿರುವಾಗಲೇ ಉತ್ತರ ಸಿಗುತ್ತದೆ. ಕಲೆ ಚಿಕ್ಕದಾಗಿದ್ದರೆ ಅಲ್ಲೇ ಶೈತ್ಯ ಚಿಕಿತ್ಸೆ ಕೊಟ್ಟು, ಅಂದರೆ ಹೆಪ್ಪುಗಟ್ಟಿಸಿ, ತೆಗೆಯಬಹುದು. ಈಗ ಬ್ಯಾಟರಿಯಿಂದ ನಡೆಯುವ, ಬಿಸಿಯಿಂದ ಸುಡುವ ಕೈ ಉಪಕರಣಗಳೂ ಬಂದಿವೆ.

ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ನರ್ಸ್‌ಗಳು ಈ ಪರೀಕ್ಷೆ ಮಾಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅಲ್ಲಿ ಈ ಕ್ಯಾನ್ಸರಿನ ಸಾವು ಶೇ 35ರಷ್ಟು ಕಡಿಮೆಯಾಗಿತ್ತು. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಶುರುಮಾಡಿದ ಅಧ್ಯಯನದಲ್ಲಿ ಪರೀಕ್ಷೆ ಮಾಡಿದವರು ಎಸ್ಸೆಸ್ಸೆಲ್ಸಿ ಮಟ್ಟದವರೆಗೆ ಓದಿ, ಕೆಲವು ವಾರ ತರಬೇತಿ ಪಡೆದ ಹೆಣ್ಣುಮಕ್ಕಳು. ಅಲ್ಲೂ ಸಾವು ಶೇ 31ರಷ್ಟು ಇಳಿಯಿತು.

ಹಾಗಂತ ಇದೇ ಕೊನೆಯ ಮಾತಲ್ಲ. ನಮ್ಮ ಗಡಿಯಾಚೆ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ ಸುಮಾರು 1.3 ಲಕ್ಷ ಮಹಿಳೆಯರ ಮೇಲೆ ಇನ್ನೊಂದು ಅಧ್ಯಯನ ನಡೆಯಿತು. ಅಲ್ಲಿ ವಿನೆಗರ್ ಪರೀಕ್ಷೆಯಿಂದ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸನ್ನೇ ಹುಡುಕುವ ಪರೀಕ್ಷೆಯನ್ನು ಒಂದೇ ಸಲ ಮಾಡಿಸಿಕೊಂಡವರ ಗುಂಪಿನಲ್ಲಿ ಸಾವು ಸುಮಾರು ಅರ್ಧಕ್ಕಿಳಿಯಿತು. ಬಿಳಿ ಕಲೆ ಕಾಣುವುದು ನೋಡುವವರ ಕಣ್ಣಿನ ಮೇಲೆ ನಿಂತಿದೆ. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದಿರಬಹುದು. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗವೇ ಒಳಗೆ ಸರಿದಿರುತ್ತದೆ. ಹಾಗಾಗಿ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ ಪರೀಕ್ಷೆಗೇ ಮೊದಲ ಸ್ಥಾನ ಕೊಟ್ಟಿತು.

ಎಚ್‌ಪಿವಿ ಪರೀಕ್ಷೆಯಲ್ಲಿ ಇನ್ನೊಂದು ಅನುಕೂಲವಿದೆ. ಪುಟ್ಟ ಬ್ರಷ್ ಹಿಡಿದು ಬಾಗಿಲು ಹಾಕಿಕೊಂಡು ಮಾದರಿಯನ್ನು ಆಕೆಯೇ ತೆಗೆದುಕೊಡಬಹುದು. ಯಾರ ಮುಂದೆಯೂ ಸೀರೆ ಸರಿಸಬೇಕಿಲ್ಲ. ನಾಚಿಕೆಯಿಂದಲೇ ದೂರ ಉಳಿದವರಿಗೆ ಇದು ಎಷ್ಟು ದೊಡ್ಡ ಬಿಡುಗಡೆ! ಆದರೆ ಆ ಮಾದರಿಯನ್ನು ಪರೀಕ್ಷಿಸುವ ಯಂತ್ರ ದೂರದ ಊರಿನಲ್ಲಿದ್ದರೆ ಉತ್ತರ ಬರಲು ಮತ್ತೆ ದಿನಗಳು ಬೇಕು. ವೈರಸ್ ಇದೆ ಅಂತ ಬಂದರೆ ಆಕೆ ಇನ್ನೊಮ್ಮೆ ಬಸ್ ಹತ್ತಬೇಕು. ಸೋಂಕು ಕ್ಯಾನ್ಸರ್ ಆಗಲು ಹೆಚ್ಚಿನವರಲ್ಲಿ ಹತ್ತಾರು ವರ್ಷ ಹಿಡಿಯುತ್ತದೆ, ಸಮಯವೇನೋ ಇದೆ. ಆ ರಿಪೋರ್ಟ್ ಹಿಡಿದುಕೊಂಡು ಆಕೆಯ ಮನೆಯವರೆಗೆ ನಡೆದು ಹೋಗಿ, ಒಳಗೆ ಕರೆದು ಮೆಲ್ಲಗೆ ಹೇಳಿ, ಬಸ್ಸಿಗೆ ಜೊತೆಯಾಗುವ ಒಬ್ಬ ಆಶಾ ಕಾರ್ಯಕರ್ತೆ ಬೇಕು.