ಹೆಸರಿಲ್ಲದ ಸ್ಟೀಲಿಗೆ ವೆಲ್ಡಿಂಗ್

ಸುಂಟಿಕೊಪ್ಪದ ಹತ್ತಿರದ ಒಂದು ಗ್ಯಾರೇಜಿನಿಂದ ಜುಲೈಯಲ್ಲಿ ಫೋನ್ ಬಂತು. "ಕಂಪ್ರೆಸರ್ ಟ್ಯಾಂಕ್ ಲೀಕ್ ಸಾರ್. ಹೋದ ವರ್ಷ ವೆಲ್ಡಿಂಗ್ ಮಾಡ್ಸಿದ್ವಲ್ಲ, ಅದರ ಪಕ್ಕದಲ್ಲೇ." ಆ ಕೊನೆಯ ಮಾತು ಕೇಳಿದಾಗಲೇ ಅರ್ಧ ಕಥೆ ಗೊತ್ತಾಯಿತು.

ಗುಜರಿಯಲ್ಲಿ ಕೊಂಡ ಹಳೇ ಟ್ಯಾಂಕ್. ನೇಮ್‌ಪ್ಲೇಟ್ ಕೂರಿಸಿದ್ದ ಪಟ್ಟಿಯಲ್ಲಿ ನಾಲ್ಕು ತೂತು ಮಾತ್ರ. ಬಣ್ಣ ಕೆರೆದು, ಬಿರುಕಿನೊಳಗೆ ಇಳಿಯುವ ಕೆಂಪು ಡೈ ಹಚ್ಚಿದೆ. ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಒಳಗಿಳಿದ ಡೈಯನ್ನು ಹೊರಗೆಳೆಯುವ ಬಿಳಿ ಡೆವಲಪರ್ ಹೊಡೆದೆ. ವೆಲ್ಡಿಂಗ್ ಅಂಚಿಗೆ ಅಂಟಿಕೊಂಡೇ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ವೆಲ್ಡಿಂಗ್ ಗಟ್ಟಿಯಾಗಿತ್ತು, ಬಿರಿದಿದ್ದು ಪಕ್ಕದ ಪ್ಲೇಟ್.

ಕಾರ್ಬನ್ ಜಾಸ್ತಿ ಇರುವ ಸ್ಟೀಲ್ ಕಾದು ಬೇಗ ತಣ್ಣಗಾದರೆ ಪೆಡಸಾಗುತ್ತದೆ. ಅದಕ್ಕೆ ಹೈಡ್ರೋಜನ್ ಸೇರಿದರೆ ಮುಗೀತು. ಹೈಡ್ರೋಜನ್ ಹೆಚ್ಚಾಗಿ ಬರುವುದು ವೆಲ್ಡಿಂಗ್ ರಾಡಿನ ತೇವದಿಂದ. ನಮ್ಮ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ, ಬಿಚ್ಚಿಟ್ಟ ರಾಡಿನ ಪ್ಯಾಕೆಟ್ ಒಣಗಿರುತ್ತಾ? ಹೈಡ್ರೋಜನ್ ಕಮ್ಮಿ ಬಿಡುವ 7018 ನಂಬರಿನ ರಾಡನ್ನೂ ಓವನ್‌ನಲ್ಲಿ 300–350 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಬೇಕು. ಬಚ್ಚಲ ಒಲೆ ಹತ್ತಿರ ಬೆಚ್ಚಗಿಟ್ಟರೆ ಸಾಲದು.

ಸರಿ, ಸ್ಟೀಲ್ ಯಾವುದು? ಗ್ರೈಂಡರ್ ಕಿಡಿ ಉದ್ದ ಗೆರೆಯಾಗಿ ಹೋದರೆ ಕಾರ್ಬನ್ ಕಮ್ಮಿ, ಸುರುಸುರುಬತ್ತಿಯ ಹಾಗೆ ಸಿಡಿದರೆ ಜಾಸ್ತಿ. ಇದು ಬರೀ ಅಂದಾಜು. ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಗನ್ ಕ್ರೋಮಿಯಂ, ಮ್ಯಾಂಗನೀಸ್ ಹೇಳುತ್ತದೆ, ಕಾರ್ಬನ್ ಹೇಳುವುದಿಲ್ಲ. ನಮಗೆ ಬೇಕಿರುವುದೇ ಅದು ಅಲ್ವಾ! ಹಾಗಾಗಿ ಬಿರುಕಿನ ಭಾಗವನ್ನು ಕತ್ತರಿಸಿ, ಆ ತುಂಡನ್ನೇ ಮೈಸೂರಿನ ಲ್ಯಾಬಿಗೆ ಕಳಿಸಿದೆ. ಕಾರ್ಬನ್ ಶೇಕಡಾ 0.31, ಮ್ಯಾಂಗನೀಸ್ 0.9, ಉಳಿದದ್ದು ಲೆಕ್ಕಕ್ಕಿಲ್ಲ. ಮ್ಯಾಂಗನೀಸ್ ಕೂಡ ಸ್ಟೀಲನ್ನು ಪೆಡಸು ಮಾಡುವುದರಿಂದ ಅದರ ಆರನೇ ಒಂದು ಪಾಲನ್ನು ಕಾರ್ಬನ್ನಿಗೆ ಕೂಡಿಸಿದರೆ 0.46. ಇಷ್ಟಾದ ಮೇಲೆ ಪ್ಲೇಟನ್ನು ಬಿಸಿ ಮಾಡದೆ ಆರ್ಕ್ ಹೊಡೆಯಲು ನನಗೆ ಧೈರ್ಯವಿಲ್ಲ. 150 ಡಿಗ್ರಿಗೆ ಕಾಯಿಸಿ, ಮೂಲೆ ದುಂಡಗೆ ಮಾಡಿದ ಹೊಸ ತುಂಡನ್ನು ಕೂರಿಸಿದೆವು. ಕೆಲಸ ಮುಗಿದ ಮೇಲೆ ನಿಧಾನವಾಗಿ ಆರಲು ಕಂಬಳಿ ಹೊದೆಸಿದ ಹಾಗೆ ಗ್ಲಾಸ್‌ವೂಲ್ ಸುತ್ತಿದೆವು.

ಇದೆಲ್ಲಕ್ಕೂ ಮೊದಲು ಅಲ್ಟ್ರಾಸಾನಿಕ್ ಗೇಜಿನಿಂದ ದಪ್ಪ ಅಳೆದಿದ್ದೆ. ಅಡಿಯಲ್ಲಿ ನೀರು ನಿಂತು ತೆಳುವಾಗಿದ್ದರೆ ಕೈಯೇ ಹಾಕುತ್ತಿರಲಿಲ್ಲ. 600 ಮಿಲಿಮೀಟರ್ ಅಗಲದ ಟ್ಯಾಂಕಿನಲ್ಲಿ ಚದರ ಸೆಂಟಿಮೀಟರಿಗೆ 7 ಕೆಜಿ ಪ್ರೆಶರ್ ಅಂದರೆ ಒಂದು ಮುಚ್ಚಳದ ಮೇಲೆ ಹತ್ತಿರಹತ್ತಿರ 20 ಟನ್ ಬಲ. ಒತ್ತಿ ತುಂಬಿದ ಗಾಳಿ ಟ್ಯಾಂಕ್ ಒಡೆದರೆ ಬಾಂಬಿನ ಹಾಗೆ ಸಿಡಿಯುತ್ತದೆ, ನೀರು ಹಾಗೆ ಸಿಡಿಯುವುದಿಲ್ಲ; ಆದ್ದರಿಂದಲೇ ಟೆಸ್ಟ್ ಮಾಡುವುದು ನೀರು ತುಂಬಿ, ಗಾಳಿ ತುಂಬಿ ಅಲ್ಲ. (ಬಾಯ್ಲರ್ ಆದರೆ ಇನ್‌ಸ್ಪೆಕ್ಟರ್ ಅನುಮತಿ ಇಲ್ಲದೆ ಯಾರೂ ಮುಟ್ಟಬೇಡಿ.)

ಹೈಡ್ರೋಜನ್ ಬಿರುಕು ಒಂದೆರಡು ದಿನ ತಡವಾಗಿಯೂ ಬರಬಹುದು. ಮರುದಿನವೇ ಫೋನ್: "ಚಾಲು ಮಾಡ್ಲಾ ಸಾರ್?" ಬೇಡ ಮಾರಾಯ, ನಾಳಿದ್ದು ಇನ್ನೊಮ್ಮೆ ಕೆಂಪು ಡೈ ಹಾಕಿ ನೋಡ್ತೀನಿ, ಅಲ್ಲಿವರೆಗೆ ಸ್ವಿಚ್ ಮುಟ್ಬೇಡ ಅಂದೆ.